ತಲಾ ವೆಚ್ಚದ ಗೆರೆ ಏರಿದ್ದು ಹೀಗೆ

ಆರರಿಂದ ಎಂಟನೇ ತರಗತಿಯವರೆಗಿನ ಮಕ್ಕಳ ಮೇಲೆ ನಮ್ಮ ದೇಶದ ಸರ್ಕಾರಗಳು ತಲಾ ಎಷ್ಟು ಖರ್ಚು ಮಾಡುತ್ತವೆ, ಅದು ವರ್ಷದಿಂದ ವರ್ಷಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ತೋರಿಸುವ ಒಂದೇ ಒಂದು ಗೆರೆ ಎಳೆಯಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು. ಗೆರೆ ಎಳೆಯುವುದೂ ಒಂದು ಕೆಲಸವೇ ಎಂದು ನಗುವವರು ನಮ್ಮ ಮನೆಯಲ್ಲೇ ಇದ್ದಾರೆ. ಕುಮಾರಸ್ವಾಮಿ ಲೇಔಟ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನ ಗಂಡ, ಸ್ಕೇಲ್ ಬೇಕಾದರೆ ಅಂಗಡಿಯಲ್ಲಿದೆ, ತಗೊಂಡು ಹೋಗು ಎಂದು ಆ ದಿನಗಳಲ್ಲಿ ಪ್ರತಿ ಬೆಳಗ್ಗೆ ಹೇಳುತ್ತಿದ್ದರು.

ನಮ್ಮ ಕಚೇರಿ ಜಯನಗರದಲ್ಲಿ, ಒಂದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಸರ್ಕಾರಗಳ ಬಜೆಟ್ ಓದಿ, ಶಿಕ್ಷಣಕ್ಕೆ ಹೋದದ್ದನ್ನು ಬೇರ್ಪಡಿಸಿ, ವರದಿ ಬರೆಯುವುದು ನಮ್ಮ ಸಣ್ಣ ತಂಡದ ಕಸುಬು. ಆ ವರ್ಷ ನಿರ್ದೇಶಕರು ನನಗೆ ಕೊಟ್ಟದ್ದು ಈ ಮೂರು ತರಗತಿಗಳ ದೇಶದ ಲೆಕ್ಕ. ಹೊರದೇಶಗಳ ಜೊತೆ ಹೋಲಿಸುವಾಗ ಆರು, ಏಳು, ಎಂಟನ್ನು ಒಟ್ಟಿಗೆ ಹಿಡಿಯುವುದು ಪದ್ಧತಿ. ನಮ್ಮ ರಾಜ್ಯದಲ್ಲಿ ಮಾತ್ರ ಹೆಚ್ಚಿನ ಕಡೆ ಏಳರ ನಂತರ ಗೋಡೆ. ಏಳರವರೆಗೆ ಹಿರಿಯ ಪ್ರಾಥಮಿಕ ಶಾಲೆ, ಎಂಟರಿಂದ ಹೈಸ್ಕೂಲು. ಕಟ್ಟಡ ಬೇರೆ, ಮೇಷ್ಟ್ರು ಬೇರೆ, ಬಜೆಟ್ಟಿನಲ್ಲಿ ಬರೆಯುವ ಜಾಗವೂ ಬೇರೆ. ನಾನು ಆ ಗೋಡೆಯನ್ನು ಕಾಗದದ ಮೇಲೆ ಒಡೆಯಬೇಕಿತ್ತು.

ಮೊದಲ ತಲೆನೋವು ಸಂಬಳ. ಹೈಸ್ಕೂಲಿನ ಗಣಿತದ ಮೇಷ್ಟ್ರು ಎಂಟಕ್ಕೂ ಒಂಬತ್ತಕ್ಕೂ ಹತ್ತಕ್ಕೂ ಪಾಠ ಮಾಡುತ್ತಾರೆ. ಅವರ ಸಂಬಳದಲ್ಲಿ ಎಂಟನೆಯವರದ್ದು ಎಷ್ಟು? ಮಕ್ಕಳ ಸಂಖ್ಯೆಯ ಪ್ರಕಾರ ಹಂಚಿದರೆ ಒಂದು ಉತ್ತರ, ಪೀರಿಯಡ್ಡಿನ ಪ್ರಕಾರ ಹಂಚಿದರೆ ಇನ್ನೊಂದು. ಎರಡನ್ನೂ ಮಾಡಿ ನೋಡಿ, ಮಕ್ಕಳ ಸಂಖ್ಯೆಯನ್ನೇ ಆರಿಸಿಕೊಂಡೆ. ಎರಡನೆಯದು ಅಂದಾಜು ಮತ್ತು ನಿಜದ ಜಗಳ. ಬಜೆಟ್ ದಿನ ಮಂತ್ರಿಗಳು ಓದುವುದು ಅಂದಾಜು. ನಿಜವಾಗಿ ಖರ್ಚಾದದ್ದು ತಿಳಿಯುವ ಹೊತ್ತಿಗೆ ಆ ಭಾಷಣ ಎಲ್ಲರಿಗೂ ಮರೆತುಹೋಗಿರುತ್ತದೆ. ಕೆಲವು ರಾಜ್ಯಗಳ ವಾಸ್ತವ ವೆಚ್ಚಕ್ಕಾಗಿ ನಾನು ಫೋನ್ ಮಾಡಿ, ಇಮೇಲ್ ಬರೆದು, ಬೇಡಿಕೊಂಡು, ಕೊನೆಗೆ ಬೈದೂ ನೋಡಿದೆ. ಮೂರನೆಯದು ನಮ್ಮದೇ ರಾಜ್ಯದ ಗೆರೆಯಲ್ಲಿದ್ದ ಒಂದು ಉಬ್ಬು. ಗೆರೆ ನೆಟ್ಟಗೆ ಹೋಗುತ್ತಾ ಕೆಲವು ವರ್ಷ ಉಬ್ಬಿ, ಆಮೇಲೆ ತಟ್ಟನೆ ಇಳಿಯುತ್ತಿತ್ತು. ಎಲ್ಲಿ ತಪ್ಪಿದೆ ಎಂದು ಒಂದು ವಾರ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಅದು ಎಂಟನೆಯವರಿಗೆ ಸರ್ಕಾರ ಕೊಡುತ್ತಿದ್ದ ಸೈಕಲ್. ಸೈಕಲ್ ನಿಂತ ಮೇಲೆ ಗೆರೆ ಇಳಿದಿತ್ತು.

ಇಷ್ಟೆಲ್ಲ ಆದ ಮೇಲೆ ಬೆಲೆ ಏರಿಕೆಯನ್ನು ಕಳೆದು, ಒಟ್ಟು ಮೊತ್ತವನ್ನು ಸರ್ಕಾರಿ ಶಾಲೆಯಲ್ಲಿ ದಾಖಲಾಗಿರುವ ಮಕ್ಕಳ ಸಂಖ್ಯೆಯಿಂದ ಭಾಗಿಸಿದೆ. ಗೆರೆ ಏರುತ್ತಾ ಹೋಗಿತ್ತು, ಸ್ಪಷ್ಟವಾಗಿ, ಯಾರೂ ವಾದ ಮಾಡಲಾಗದಷ್ಟು. ನನಗೆ ಅದರ ಮೇಲೆ ಮೋಹವೇ ಹುಟ್ಟಿತ್ತು. ನಿರ್ದೇಶಕರಿಗೂ ಖುಷಿಯಾಯಿತು. ವರದಿಯ ಪುಸ್ತಕ ಅಚ್ಚಾಗಿ ಬರುವ ಮುಂಚೆಯೇ ಅವರು ಪತ್ರಿಕೆಗಳಿಗೆ ಒಂದು ಟಿಪ್ಪಣಿ ಕಳಿಸಿದರು. ಕನ್ನಡದ ದಿನಪತ್ರಿಕೆಯೊಂದು ಅದನ್ನು ಒಳಪುಟದಲ್ಲಿ ಚೌಕಟ್ಟು ಕಟ್ಟಿ, ಪ್ರತಿ ಮಗುವಿಗೆ ಸರ್ಕಾರದ ಹಣ ಏರಿಕೆ ಎಂಬ ತಲೆಬರಹದಲ್ಲಿ, ನಮ್ಮ ಕಚೇರಿಯ ಹೆಸರಿನ ಸಮೇತ ಹಾಕಿತು.

ಮಾರನೆಯ ದಿನ ಬೆಳಗ್ಗೆ ಕಚೇರಿಗೆ ಫೋನ್ ಬಂತು. ಗೊಟ್ಟಿಗೆರೆ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ.

"ಪೇಪರ್‌ನಲ್ಲಿ ಹಾಕ್ಸಿರೋದು ನೀವೇನಾ ಮೇಡಂ?"

"ಹೌದು, ಏನಾಯ್ತು?"

"ಏನಾಯ್ತಾ? ಬೆಳಗ್ಗಿಂದ ನನ್ ಸ್ಕೂಲ್ ಮುಂದೆ ಕ್ಯೂ ನಿಂತಿದೆ. ಆಧಾರ್ ಜೆರಾಕ್ಸು, ಬ್ಯಾಂಕ್ ಪಾಸ್‌ಬುಕ್ಕು ಹಿಡ್ಕೊಂಡು ಬಂದಿದಾರೆ. ಮಗೂದು ದುಡ್ಡು ಯಾವಾಗ ಅಕೌಂಟಿಗೆ ಬೀಳುತ್ತೆ ಅಂತ ಕೇಳ್ತಿದಾರೆ. ನಾನು ಇಲ್ಲ ಅಂದ್ರೆ, ನೀವೇ ನುಂಗಿದೀರ ಅಂತಾರೆ. ದಯವಿಟ್ಟು ಬಂದು ನೀವೇ ಹೇಳಿ."

ನನಗೆ ನಗು ಬಂತು, ಜೊತೆಗೇ ಸಿಟ್ಟೂ ಬಂತು. ಆದರೆ ಆ ತಾಯಂದಿರ ತಪ್ಪೇನಿದೆ? ಸರ್ಕಾರ ಹಣ ಕೊಡುತ್ತದೆ ಎಂದರೆ ಈಗ ಅದು ಖಾತೆಗೆ ಬೀಳಬೇಕು, ಮೊಬೈಲ್ ಟಿಣ್ ಎನ್ನಬೇಕು. ತಿಂಗಳು ತಿಂಗಳು ಹಾಗೆ ಬೀಳುವುದನ್ನು ಕಂಡವರಿಗೆ, ಪ್ರತಿ ಮಗುವಿಗೆ ಇಷ್ಟು ಎಂದು ಪೇಪರಿನಲ್ಲಿ ಬಂದರೆ ಬೇರೆ ಏನು ಅನ್ನಿಸಬೇಕು? ಸ್ಕೂಟರ್ ತೆಗೆದುಕೊಂಡು ಹೊರಟೆ. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಆ ತಲೆಬರಹ ಕೊಟ್ಟವರಿಗೆ ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಶಾಲೆಯ ಜಗಲಿಯ ಮೇಲೆ ಒಂದು ಕಪ್ಪು ಹಲಗೆಯನ್ನು ಗೋಡೆಗೆ ಒರಗಿಸಿ ಇಟ್ಟಿದ್ದರು. ಮುಖ್ಯ ಶಿಕ್ಷಕಿ ನನ್ನ ಕೈಗೆ ಸೀಮೆಸುಣ್ಣ ಕೊಟ್ಟು, ನಿಮ್ಮ ಪಾಡು ನಿಮ್ಮದು ಎನ್ನುವಂತೆ ಪಕ್ಕಕ್ಕೆ ಸರಿದು ನಿಂತರು. ನಾನು ಮೇಲಿನಿಂದ ಬರೆಯುತ್ತಾ ಬಂದೆ: ಟೀಚರ್ ಸಂಬಳ, ಪುಸ್ತಕ, ಸಮವಸ್ತ್ರ, ಬಿಸಿಯೂಟದ ಅಕ್ಕಿ, ಬೇಳೆ, ಗ್ಯಾಸ್. ಎಲ್ಲ ಕೂಡಿಸಿ, ಮಕ್ಕಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಪೇಪರಿನ ಆ ಅಂಕಿ, ಯಾರ ಕೈಗೂ ಬರುವ ದುಡ್ಡಲ್ಲ ಎಂದು ಹೇಳಿದೆ.

"ಅಂದ್ರೆ ಮೇಷ್ಟ್ರುಗಳ ಸಂಬಳಾನ ನಮ್ ಮಕ್ಳ ತಲೆ ಮೇಲೆ ಹಾಕಿದೀರ ಅನ್ನಿ," ಎಂದರು ಒಬ್ಬ ಆಟೋ ಓಡಿಸುವ ಅಪ್ಪ. ಎಲ್ಲರೂ ನಕ್ಕರು. ನನ್ನ ಮಳೆಗಾಲದ ಕೆಲಸವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು. ಪಾಸ್‌ಬುಕ್ಕುಗಳು ಮತ್ತೆ ಪ್ಲಾಸ್ಟಿಕ್ ಕವರಿನೊಳಗೆ ಹೋದವು, ಜನ ಗೊಣಗುತ್ತಾ ಕರಗಿದರು.

ಒಬ್ಬ ತಾಯಿ ಮಾತ್ರ ಹೋಗಲಿಲ್ಲ. ಬಿಟಿಎಂ ಲೇಔಟಿನ ಒಂದು ಪಿಜಿ ಹಾಸ್ಟೆಲಿನಲ್ಲಿ ಚಪಾತಿ ಮಾಡುವ ಕೆಲಸದಾಕೆ. ಕತ್ತಲಿರುವಾಗಲೇ ಮನೆ ಬಿಟ್ಟು ಬಸ್ಸು ಹಿಡಿಯಬೇಕು. ಅಂದು ಅರ್ಧ ದಿನ ರಜೆ ಹಾಕಿ ಬಂದಿದ್ದರು. ಮಗ ಇದೇ ಶಾಲೆಯಲ್ಲಿ ಮೂರನೇ ತರಗತಿ. ಮಗಳು ಕಳೆದ ವರ್ಷ ಇಲ್ಲೇ ಏಳನೆಯದು ಮುಗಿಸಿದ್ದಳು.

"ನನ್ ಮಗಳು ಏಳು ಪಾಸಾಗಿ ಮನೇಲವಳೆ ಮೇಡಂ. ಹೈಸ್ಕೂಲು ಆ ಕಡೆ, ಮೇನ್ ರೋಡ್ ದಾಟ್ಬೇಕು. ನಾನು ಬೆಳಿಗ್ಗೆನೇ ಹೋಗ್ಬಿಡ್ತೀನಿ, ಕರ್ಕೊಂಡ್ ಹೋಗಕ್ಕೆ ಯಾರೂ ಇಲ್ಲ. ಚಿಕ್ಕೋನ್ನ ನೋಡ್ಕೊಳಕ್ಕೂ ಯಾರಾದ್ರೂ ಬೇಕಲ್ಲ, ನಿಲ್ಸಿಬಿಟ್ಟೆ," ಎಂದರು. ಆಮೇಲೆ ಹಲಗೆಯ ಕಡೆ ನೋಡಿ ಕೇಳಿದರು: "ಈಗ ಅವಳ ಪಾಲು ಯಾರಿಗೆ ಹೋಗ್ತದೆ?"

"ಯಾರಿಗೂ ಹೋಗಲ್ಲಕ್ಕ. ದುಡ್ಡು ಹಂಚೋದೇ ಇಲ್ಲ, ಬರೀ ಲೆಕ್ಕ ಇದು. ಅವಳು ಶಾಲೇಲಿ ಇಲ್ಲ ಅಂದ್ರೆ ನಾವು ಭಾಗಿಸೋ ಸಂಖ್ಯೆಯಿಂದ ಒಬ್ಬಳನ್ನ ಕಳೀತೀವಿ, ಅಷ್ಟೆ. ಆಗ..."

ಆಗ ಏನಾಗುತ್ತದೆ ಎಂದು ಬರೆದು ತೋರಿಸಲು ಹಲಗೆಯ ಕಡೆ ತಿರುಗಿದವಳು ಅಲ್ಲೇ ನಿಂತೆ. ಮೇಲಿನ ಮೊತ್ತ ಹಾಗೇ ಇರುತ್ತದೆ. ಮೇಷ್ಟ್ರ ಸಂಬಳ ಒಂದು ಮಗು ಹೋಯಿತೆಂದು ಕಡಿಮೆಯಾಗುವುದಿಲ್ಲ. ಕೆಳಗಿನ ಸಂಖ್ಯೆ ಇಳಿಯುತ್ತದೆ. ಉತ್ತರ ಏರುತ್ತದೆ. ಇದು ಐದನೇ ತರಗತಿಯ ಭಾಗಾಕಾರ, ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಮಕ್ಕಳ ಸಂಖ್ಯೆ ಇಳಿಯುತ್ತಿದೆ ಎಂದು ವರದಿಯ ಅಡಿಟಿಪ್ಪಣಿಯಲ್ಲಿ ನಾನೇ ಬರೆದಿದ್ದೆ. ಆದರೆ ಆ ಹುಡುಗಿ ಶಾಲೆ ಬಿಟ್ಟದ್ದರಿಂದ ನನ್ನ ಗೆರೆ ಒಂದು ಕೂದಲೆಳೆಯಷ್ಟು ಮೇಲೆ ಹೋಗಿದೆ ಎಂದು, ಅವಳ ತಾಯಿಯ ಮುಖ ನೋಡುತ್ತಾ ಯೋಚಿಸಬೇಕಾಗಿ ಬಂದದ್ದು ಅದೇ ಮೊದಲು. ನಾಚಿಕೆಯಾಯಿತು. ಆಗ ಜಾಸ್ತಿ ಆಗುತ್ತದೆ ಎಂದು ಹೇಳುವ ಧೈರ್ಯ ಬರದೆ ಹಲಗೆ ಒರೆಸಿದೆ.

ಮುಖ್ಯ ಶಿಕ್ಷಕಿ ನನ್ನನ್ನು ಒಳಗೆ ಕೂರಿಸಿ ಟೀ ಕೊಟ್ಟರು. ಅಸಲಿ ವಿಷಯ ಆಗ ಹೊರಬಂತು. ಈ ಶಾಲೆಗೇ ಎಂಟನೇ ತರಗತಿ ಕೊಡಿ ಎಂದು ಅವರು ಅರ್ಜಿ ಹಾಕಿ ಕಾದಿದ್ದರು. ಏಳು ಮುಗಿಸಿದ ಹೆಣ್ಣುಮಕ್ಕಳಲ್ಲಿ ಕೆಲವರು ಪ್ರತಿ ವರ್ಷ ರಸ್ತೆಯ ಈಚೆಗೇ ಉಳಿದುಬಿಡುತ್ತಿದ್ದರು. ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೊದಲು ನೋಡೋಣ ಎಂದಿದ್ದರಂತೆ. ಪೇಪರ್ ನೋಡಿದ ಮೇಲೆ ರಾಗ ಬದಲಾಗಿತ್ತು.

"ಬೆಳಗ್ಗೆ ಫೋನ್ ಮಾಡಿದ್ರು ಮೇಡಂ. ನೋಡಮ್ಮ, ಮಕ್ಕಳು ಕಡಿಮೆ ಆಗ್ತಿದಾರೆ, ಖರ್ಚು ಜಾಸ್ತಿ ಆಗ್ತಿದೆ, ಇಡೀ ದೇಶದ್ದೇ ಹಂಗಂತೆ, ಈಗ ಹೊಸ ಕ್ಲಾಸು ಕೇಳಿದ್ರೆ ಮೇಲಿನೋರು ನಗ್ತಾರೆ ಅಂದ್ರು. ಮುಂದಿನ ತಿಂಗಳು ಮೀಟಿಂಗ್ ಇದೆ. ಅದರಲ್ಲಿ ಆಗ್ಲಿಲ್ಲ ಅಂದ್ರೆ ಈ ವರ್ಷದ ಏಳನೆಯೋರೂ ಕೈ ತಪ್ಪಿಹೋಗ್ತಾರೆ."

"ನನ್ನ ಗೆರೆ ತಪ್ಪಲ್ಲ," ಎಂದೆ. ಮೊದಲು ಬಾಯಿಗೆ ಬಂದದ್ದು ಅದೇ.

"ತಪ್ಪು ಅಂತ ನಾನೆಲ್ಲಂದೆ? ನಮ್ಗೆ ಅಡ್ಡ ಬಂದಿದೆ, ಅಷ್ಟೆ," ಎಂದರು ಅವರು.

ಅವರ ಅರ್ಜಿ, ದಾಖಲಾತಿ ಪುಸ್ತಕ ಎಲ್ಲ ನೋಡಿ ಹೊರಡುವಾಗ ಸಂಜೆಯ ಗಂಟೆ ಹೊಡೆಯಿತು. ಗೇಟಿನ ಹೊರಗೆ ಒಬ್ಬ ಹುಡುಗಿ ನಿಂತಿದ್ದಳು. ಅವಳೇ ಇವಳು ಎಂದು ಮುಖ್ಯ ಶಿಕ್ಷಕಿ ಕಣ್ಣಲ್ಲೇ ತೋರಿಸಿದರು. ತಮ್ಮನನ್ನು ಕರೆದೊಯ್ಯಲು ದಿನವೂ ಬರುತ್ತಾಳಂತೆ. ತಮ್ಮ ಓಡಿ ಬಂದು ಬ್ಯಾಗನ್ನು ಅವಳ ಹೆಗಲಿಗೆ ಹಾಕಿದ. ಶಾಲೆಯ ಬ್ಯಾಗ್ ಹೊತ್ತು ಅವಳು ಮನೆಯ ಕಡೆ ನಡೆದಳು.

ಮರುದಿನ ನಿರ್ದೇಶಕರ ಕೋಣೆಗೆ ಹೋಗಿ, ಪುಸ್ತಕದಲ್ಲಿ ಎರಡನೇ ಗೆರೆ ಬೇಕು ಎಂದೆ. ದಾಖಲಾದ ಮಕ್ಕಳಿಂದ ಭಾಗಿಸಿದ್ದು ಒಂದು. ಅದರ ಜೊತೆಗೆ, ಆ ವಯಸ್ಸಿನವರಾಗಿದ್ದು ಖಾಸಗಿ ಶಾಲೆಗೆ ಹೋಗದ ಎಲ್ಲ ಮಕ್ಕಳಿಂದ, ಅಂದರೆ ಸರ್ಕಾರಿ ಶಾಲೆಯಲ್ಲಿ ಇರುವವರು ಮತ್ತು ಯಾವ ಶಾಲೆಯಲ್ಲೂ ಇಲ್ಲದವರು ಎರಡೂ ಗುಂಪನ್ನು ಸೇರಿಸಿ, ಭಾಗಿಸಿದ್ದು ಇನ್ನೊಂದು.

ನಿರ್ದೇಶಕರು ಒಳ್ಳೆಯವರು, ಆದರೆ ಅಚ್ಚಿಗೆ ಹೋದ ಪುಸ್ತಕವನ್ನು ಯಾರಾದರೂ ಮುಟ್ಟಿದರೆ ಬಿ.ಪಿ. ಏರುತ್ತದೆ.

"ಪ್ರಪಂಚದಲ್ಲಿ ಎಲ್ರೂ ದಾಖಲಾತಿಯಿಂದಲೇ ಭಾಗಿಸೋದು. ನಾವೇನು ಹೊಸದಾಗಿ ಗಣಿತ ಕಂಡುಹಿಡೀತಿದೀವಾ?"

"ದಾಖಲಾತಿ ಗೆರೆ ಇರಲಿ ಸಾರ್, ತೆಗೀರಿ ಅಂತಿಲ್ಲ. ಪಕ್ಕದಲ್ಲಿ ಇನ್ನೊಂದು ಹಾಕೋಣ."

"ಆ ವಯಸ್ಸಿನ ಮಕ್ಕಳು ಎಷ್ಟು ಅಂತ ಯಾರಿಗೆ ಗೊತ್ತಿದೆ? ಜನಗಣತಿ ಹಳೇದು. ಅಂದಾಜಿನ ಮೇಲೆ ಅಂದಾಜು ಕಟ್ತೀರ. ನಾಳೆ ಯಾರಾದ್ರೂ ಕೇಳಿದ್ರೆ ಮರ್ಯಾದೆ ಹೋಗೋದು ನನ್ದು."

ಅವರ ಮಾತಿನಲ್ಲಿ ಹುರುಳಿತ್ತು. ನಾನು ವಾದ ನಿಲ್ಲಿಸಿ ಕೆಲಸಕ್ಕೆ ಕುಳಿತೆ. ಹಳೆಯ ಜನಗಣತಿಯಿಂದ ಮುಂದಕ್ಕೆ ಅಂದಾಜು ಮಾಡಿದ ಜನಸಂಖ್ಯೆ ಒಂದು ಕಡೆ. ಮನೆಮನೆ ಸಮೀಕ್ಷೆಯಲ್ಲಿ, ನಿಮ್ಮ ಮಗು ಶಾಲೆಗೆ ಹೋಗುತ್ತಿದೆಯೇ ಎಂದು ಕೇಳಿ ಬರೆದುಕೊಂಡದ್ದು ಇನ್ನೊಂದು ಕಡೆ. ಎರಡೂ ಹೊಂದುತ್ತಿರಲಿಲ್ಲ. ಮೊದಲ ಸಲ ಕೂಡಿಸಿದಾಗ ಒಂದು ರಾಜ್ಯದಲ್ಲಿ, ಇರುವ ಮಕ್ಕಳಿಗಿಂತ ಶಾಲೆಗೆ ಹೋಗುವ ಮಕ್ಕಳೇ ಜಾಸ್ತಿ ಎಂದು ಬಂತು. ನಿರ್ದೇಶಕರು ಅದನ್ನು ನೋಡಿ ಕನ್ನಡಕ ಒರೆಸಿಕೊಂಡರು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ವಯಸ್ಸು ಮೀರಿಯೂ ಅದೇ ತರಗತಿಯಲ್ಲಿದ್ದ ಮಕ್ಕಳನ್ನು ನಾನು ಬೇರ್ಪಡಿಸಿರಲಿಲ್ಲ. ಅದನ್ನು ಸರಿಪಡಿಸಿ, ಮತ್ತೆ ಎಲ್ಲ ರಾಜ್ಯಗಳನ್ನೂ ಮೊದಲಿನಿಂದ ಮಾಡಿದೆ. ಅಂಕಿ ಯಾವುದೇ ಕಡೆಯಿಂದ ತೆಗೆದುಕೊಂಡರೂ ಒಂದು ಮಾತು ಮಾತ್ರ ಬದಲಾಗಲಿಲ್ಲ: ಎರಡನೇ ಗೆರೆ ಏರುತ್ತಿತ್ತು, ಆದರೆ ಮೊದಲನೆಯದಕ್ಕಿಂತ ನಿಧಾನವಾಗಿ. ಎರಡರ ನಡುವೆ ಒಂದು ತೆಳ್ಳನೆಯ ಜಾಗ ಉಳಿಯುತ್ತಿತ್ತು.

ಆ ಹಾಳೆಯನ್ನು ನಿರ್ದೇಶಕರ ಮೇಜಿನ ಮೇಲಿಟ್ಟು, ಇದು ಪುಸ್ತಕದಲ್ಲಿ ಇಲ್ಲದಿದ್ದರೆ ನನ್ನ ಹೆಸರನ್ನೂ ಹಾಕಬೇಡಿ ಎಂದೆ. ಹೆದರಿಸಲು ಹೇಳಿದ್ದಲ್ಲ. ಅಷ್ಟು ಕಷ್ಟಪಟ್ಟು ಮಾಡಿದ ಕೆಲಸದಿಂದ ಹೆಸರು ತೆಗೆಸಿಕೊಳ್ಳುವುದು ನನಗೆ ಸುಲಭವೂ ಆಗಿರಲಿಲ್ಲ. ಅವರು ಹಾಳೆಯನ್ನು ಮನೆಗೆ ಒಯ್ದರು. ಮಾರನೆಯ ದಿನ ಪ್ರೆಸ್ಸಿನವರಿಗೆ ಫೋನ್ ಮಾಡಿ ಆ ಪುಟಗಳನ್ನು ತಡೆಸಿದರು. ಅಂಕಿಗಳು ಎಲ್ಲೆಲ್ಲಿ ಅನುಮಾನಾಸ್ಪದವೋ ಅದನ್ನೆಲ್ಲ ಬಿಚ್ಚಿ ಬರೆಯಬೇಕು ಎಂಬ ಷರತ್ತು ಹಾಕಿದರು. ಸಂತೋಷದಿಂದ ಬರೆದೆ.

ಮೀಟಿಂಗಿಗೆ ಮುಖ್ಯ ಶಿಕ್ಷಕಿಯ ಜೊತೆ ನಾನೂ ಹೋದೆ. ನಮ್ಮ ಕಚೇರಿಯಿಂದ ಹಾಗೆ ಯಾರೂ ಹೋಗುವ ಪದ್ಧತಿಯಿಲ್ಲ. ನಾವು ಲೆಕ್ಕ ಹೇಳುವವರು, ಬೇಡಿಕೆ ಇಡುವವರಲ್ಲ. ನನ್ನ ಲೆಕ್ಕವನ್ನು ವಿವರಿಸುವುದಕ್ಕೆ ಮಾತ್ರ ಹೋಗುತ್ತಿದ್ದೇನೆ ಎಂದು ನಿರ್ದೇಶಕರಿಗೆ ಹೇಳಿದ್ದೆ. ನನಗೂ ಅದನ್ನೇ ಹೇಳಿಕೊಂಡಿದ್ದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳು ಸಭ್ಯರು. ನನ್ನ ಹಾಳೆಯನ್ನು ತುಂಬಾ ಹೊತ್ತು ನೋಡಿದರು.

"ಹಂಗಾದ್ರೆ ಪೇಪರ್‌ನಲ್ಲಿ ಬಂದಿದ್ದು ಸುಳ್ಳಾ ಮೇಡಂ?"

"ಇಲ್ಲ ಸಾರ್, ಎರಡೂ ನಿಜ."

"ಎರಡೂ ನಿಜ ಅಂದ್ರೆ ನಾನು ಫೈಲಲ್ಲಿ ಯಾವ್ದನ್ನ ಬರೀಲಿ?"

"ಏರಿದೆ ಅಂತಾನೇ ಬರೀರಿ ಸಾರ್. ಯಾಕೆ ಏರಿದೆ ಅಂತಾನೂ ಬರೀರಿ. ಈ ಶಾಲೆಯಿಂದ ಏಳು ಮುಗಿಸಿ, ಎಂಟಕ್ಕೆ ಎಲ್ಲೂ ಸೇರದೆ ಇರೋ ಮಕ್ಕಳು ನಿಮ್ಮ ಕಂಪ್ಯೂಟರ್‌ನಲ್ಲೇ ಸಿಗ್ತಾರೆ. ಟಿಸಿ ತಗೊಂಡಿದಾರೆ, ಇನ್ನೊಂದು ಕಡೆ ದಾಖಲಾತಿ ಇಲ್ಲ. ಆ ಮಕ್ಕಳು ಶಾಲೇಲಿ ಇಲ್ದೆ ಇರೋದನ್ನ ನಾವು ಜಾಸ್ತಿ ಖರ್ಚು ಅಂತ ಕರೀತಿದೀವಿ."

ಕೊನೆಯ ಮಾತು ಹೇಳುವಾಗ ನನ್ನ ದನಿ ಏರಿತ್ತು. ಲೆಕ್ಕ ವಿವರಿಸುವವರ ದನಿ ಅದಲ್ಲ. ಮುಖ್ಯ ಶಿಕ್ಷಕಿ ಮೇಜಿನ ಕೆಳಗೆ ನನ್ನ ಮೊಣಕೈ ಹಿಡಿದರು. ಅಧಿಕಾರಿಗಳು ಬೇಸರ ಮಾಡಿಕೊಳ್ಳಲಿಲ್ಲ. ಕಚೇರಿಯ ಹುಡುಗರನ್ನು ಕರೆದು ಕಂಪ್ಯೂಟರಿನಲ್ಲಿ ಹುಡುಕಿಸಿದರು. ಪರದೆಯನ್ನು ನೋಡಿ, ಇಷ್ಟು ಜನಾನಾ ಎಂದು ತಮಗೆ ತಾವೇ ಅಂದುಕೊಂಡರು. ಆಮೇಲೆ ಕೇಳಿದ್ದೆಲ್ಲ ಕೆಲಸದ ಮಾತು. ಕೋಣೆ ಇದೆಯಾ? ಬಿಸಿಯೂಟದ ಸಾಮಾನು ಇಡುತ್ತಿದ್ದ ಕೋಣೆಯನ್ನು ಖಾಲಿ ಮಾಡಬಹುದು. ಗಣಿತ, ವಿಜ್ಞಾನಕ್ಕೆ ಯಾರು? ಇರುವವರಲ್ಲೇ ಪದವೀಧರ ಶಿಕ್ಷಕಿ ಒಬ್ಬರಿದ್ದಾರೆ. ಈ ವರ್ಷದ ಏಳನೆಯವರ ತಂದೆ ತಾಯಿ ಒಪ್ಪಿಗೆ ಕೊಡುತ್ತಾರಾ? ಕೊಡುತ್ತಾರೆ.

"ಹೋದ ವರ್ಷ ಬಿಟ್ಟೋರು ಸಾರ್?" ಎಂದು ಮುಖ್ಯ ಶಿಕ್ಷಕಿ ಮೆಲ್ಲಗೆ ಕೇಳಿದರು.

"ಹದಿನಾಲ್ಕು ತುಂಬಿಲ್ಲ ಅಂದ್ರೆ ಸೇರಿಸ್ಕೊಳ್ಳೋದು ನಮ್ ಡ್ಯೂಟಿ ಅಲ್ವೇನಮ್ಮ. ಕರ್ಕೊಂಡ್ ಬನ್ನಿ."

ಮಂಜೂರಾತಿ ಬರಲು ಬೇಸಿಗೆ ರಜೆಯ ಕೊನೆಯವರೆಗೂ ಕಾಯಬೇಕಾಯಿತು. ನಡುವೆ ಒಮ್ಮೆ ಫೈಲು ಮೇಲಿನ ಕಚೇರಿಯಿಂದ ವಾಪಸ್ಸು ಬಂತು, ಮುಖ್ಯ ಶಿಕ್ಷಕಿ ಫೋನಿನಲ್ಲಿ ಅತ್ತರು. ಆಮೇಲೆ ಏನೋ ಒಂದು ದಾಖಲೆ ಸೇರಿಸಿ ಮತ್ತೆ ಕಳಿಸಿದರು, ಆಯಿತು. ಚಪಾತಿ ಮಾಡುವ ತಾಯಿಯನ್ನು ಒಪ್ಪಿಸುವುದು ಇನ್ನೂ ಕಷ್ಟವಾಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಮಗಳು ಮನೆಯಲ್ಲಿದ್ದರಿಂದಲೇ ಆಕೆಗೆ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಲು ಆಗುತ್ತಿತ್ತು. ಆದರೆ ಆಕೆ ಕೇಳಿದ್ದು ಒಂದೇ ಪ್ರಶ್ನೆ.

"ಇಬ್ರೂ ಒಂದೇ ಗೇಟಲ್ಲಿ ಹೋಗಿ ಒಂದೇ ಗೇಟಲ್ಲಿ ಬತ್ತಾರಾ?"

"ಹೌದು."

"ಹಂಗಾದ್ರೆ ಸರಿ. ಬರ್ಕೊಳಿ."

ಮಳೆ ಶುರುವಾದ ಮೇಲೆ, ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ಮುಖ್ಯ ಶಿಕ್ಷಕಿಗೆ ಕೊಡಲು ಹೋದೆ. ಎಂಟನೇ ತರಗತಿಯ ಕೋಣೆಯಲ್ಲಿ ಇನ್ನೂ ಬೇಳೆಯ ವಾಸನೆಯಿತ್ತು. ಆ ತಾಯಿಯ ಮಗಳು ಎರಡನೇ ಬೆಂಚಿನಲ್ಲಿ ಕೂತಿದ್ದಳು. ಒಂದು ವರ್ಷ ಬರೆಯದೆ ಅಕ್ಷರ ದೊಡ್ಡದಾಗಿಬಿಟ್ಟಿದೆ ಎಂದು ಮುಖ್ಯ ಶಿಕ್ಷಕಿ ಮೊದಲೇ ಹೇಳಿದ್ದರು. ಊಟದ ಬಿಡುವಿನಲ್ಲಿ ಅವಳು ತಟ್ಟೆ ತೊಳೆದು ಬಂದು, ನನ್ನ ಕೈಯಲ್ಲಿದ್ದ ಪುಸ್ತಕವನ್ನು ಕುತೂಹಲದಿಂದ ನೋಡಿದಳು. ಗೆರೆಗಳಿದ್ದ ಪುಟ ತೆರೆದು ತೋರಿಸಿದೆ. ಮಕ್ಕಳಿಗೆ ಹೇಳುವಂತೆ ಹೇಳಲು ನನಗೆ ಬರುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಈ ಮೇಲಿನ ಗೆರೆ ಶಾಲೆಯಲ್ಲಿರುವವರನ್ನು ಮಾತ್ರ ಎಣಿಸಿದ್ದು, ಈ ಕೆಳಗಿನದ್ದು ಬಿಟ್ಟವರನ್ನೂ ಎಣಿಸಿದ್ದು, ನೀನು ಒಂದು ವರ್ಷ ಈ ಎರಡರ ನಡುವೆ ಇದ್ದೆ ಎಂದೆ.

ಅವಳು ಆ ಜಾಗದ ಮೇಲೆ ಬೆರಳಿಟ್ಟು ನೋಡಿದಳು.

"ನನ್ ಜೊತೆ ಇಲ್ಲಿ ಇನ್ನೂ ಯಾರ್ಯಾರಿದ್ರು ಆಂಟಿ?"

ಇಡೀ ದೇಶದ ಮಕ್ಕಳು ಎನ್ನಬೇಕೆಂದುಕೊಂಡೆ, ಆದರೆ ಅವಳು ಕೇಳಿದ್ದು ಅದಲ್ಲ. ಎಷ್ಟು ಜನ ಎಂದು ಕೇಳಿದ್ದರೆ ನನ್ನಲ್ಲಿ ಉತ್ತರವಿತ್ತು. ಯಾರ್ಯಾರು ಎಂದು ನನ್ನನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ಗೊತ್ತಿಲ್ಲ ಪುಟ್ಟಿ," ಎಂದೆ.

"ನಂಗೆ ಸ್ವಲ್ಪ ಜನ ಗೊತ್ತು," ಎಂದಳು. ಡೆಸ್ಕಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ಎರಡು ಗೆರೆಗಳ ನಡುವೆ ಒಂದು ಚುಕ್ಕೆ ಇಟ್ಟು ತನ್ನ ಹೆಸರು ಹೇಳಿದಳು. ಪಕ್ಕದಲ್ಲಿ ಇನ್ನೊಂದು ಇಟ್ಟು, ಗಾರ್ಮೆಂಟ್ಸ್‌ಗೆ ಹೋಗುವ ಗೆಳತಿಯ ಹೆಸರು. ಇನ್ನೊಂದಕ್ಕೆ ಊರಿಗೆ ಕಳಿಸಿಬಿಟ್ಟ ಹುಡುಗಿಯದು. ಮತ್ತೊಂದಕ್ಕೆ, ಮದುವೆ ಮಾಡಿಬಿಟ್ಟರು ಎಂದು ದನಿ ತಗ್ಗಿಸಿ ಹೇಳಿದಳು. ಗಂಟೆ ಹೊಡೆದು, ಉಳಿದವರೆಲ್ಲ ಒಳಗೆ ಬಂದು ಕೂತರೂ ಅವಳು ಯೋಚಿಸಿ ಯೋಚಿಸಿ ಚುಕ್ಕೆ ಇಡುತ್ತಲೇ ಇದ್ದಳು.